ಒಂದು ಬದಿ ತಲೆ, ಇನ್ನೊಂದು ಬದಿ ಗುರಾಣಿ ಹಿಡಿದು ನಿಂತ ಇಬ್ಬರು: ಈ ರೋಮನ್ ಬೆಳ್ಳಿ ನಾಣ್ಯ ಯಾವುದು, ಅಸಲಿಯೇ?

ನಿಮ್ಮ ವಿವರಣೆ ರೋಮಿನ ಮೊದಲ ಚಕ್ರವರ್ತಿ ಅಗಸ್ಟಸ್‌ನ ದಿನಾರಿಯಸ್ ಎಂಬ ಬೆಳ್ಳಿ ನಾಣ್ಯಕ್ಕೆ ಹೊಂದುತ್ತದೆ. ಈಗಿನ ಫ್ರಾನ್ಸಿನ ಲಿಯಾನ್ ಟಂಕಸಾಲೆಯಲ್ಲಿ ಕ್ರಿ.ಪೂ. 2ರಿಂದ ಇದನ್ನು ಅಚ್ಚು ಹಾಕಿದರು. ನಿಂತಿರುವವರು ಅವನ ದತ್ತುಪುತ್ರರಾದ ಗೈಯಸ್ ಮತ್ತು ಲೂಸಿಯಸ್. ‘ನನ್ನ ನಂತರ ಇವರೇ’ ಎಂದು ಸಾಮ್ರಾಜ್ಯಕ್ಕೆಲ್ಲ ಸಾರಿದ ನಾಣ್ಯವಿದು. ಇಬ್ಬರೂ ಅವನಿಗಿಂತ ಮೊದಲೇ ತೀರಿಕೊಂಡರು, ಲೂಸಿಯಸ್ ಕ್ರಿ.ಶ. 2ರಲ್ಲಿ, ಗೈಯಸ್ 4ರಲ್ಲಿ.

ಭೂತಗನ್ನಡಿ ಹಿಡಿದು ಗುರಾಣಿಗಳ ಮೇಲಿನ ಜಾಗ ನೋಡಿ. ಅಲ್ಲಿ ಪೂಜೆಯ ಸೌಟೊಂದು, ತುದಿ ಸುರುಳಿಯಾದ ಕೋಲೊಂದು ಇರಬೇಕು. ಸೌಟು ಪುರೋಹಿತನಾಗಿದ್ದ ಗೈಯಸ್‌ನದು, ಕೋಲು ಶಕುನ ನೋಡುವ ಅಧಿಕಾರವಿದ್ದ ಲೂಸಿಯಸ್‌ನದು. ಗುರಾಣಿ, ಭರ್ಜಿಗಳು ರೋಮಿನ ಅಶ್ವಾರೋಹಿ ವರ್ಗದವರು ಅವರಿಗೆ ಕೊಟ್ಟ ಬೆಳ್ಳಿಯ ಕಾಣಿಕೆಗಳು. ನಕಲಿ ಮಾಡುವವರು ಎಡವುವುದು ಹೆಚ್ಚಾಗಿ ಈ ಸಣ್ಣ ಜಾಗದಲ್ಲೇ: ಎರಕದ ನಕಲಿಯಲ್ಲಿ ಸೌಟು ಬರೀ ಉಬ್ಬಾಗಿರುತ್ತದೆ, ಅಕ್ಷರದ ಅಂಚು ಸವೆದ ಸೋಪಿನಂತೆ ಮೊಂಡಾಗಿರುತ್ತದೆ, ಮೈಮೇಲೆ ಸೂಜಿಮೊನೆಯಷ್ಟು ಗುಳಿಗಳು, ಅಂಚಿನ ಸುತ್ತ ಕೂಡುಗೆರೆ ಕಾಣುತ್ತವೆ.

ತೂಕ ಸುಮಾರು 3.6ರಿಂದ 3.9 ಗ್ರಾಂ ಇರಬೇಕು. ಬೆಳ್ಳಿ ಲೇಪದ ಒಳಗೆ ತಾಮ್ರವಿದೆಯೇ ನೋಡಲು 0.01 ಗ್ರಾಂ ತೋರಿಸುವ ತಕ್ಕಡಿಯ ಮೇಲೆ ನೀರಿನ ಲೋಟವಿಟ್ಟು ಸೊನ್ನೆಗೆ ತನ್ನಿ. ನಾಣ್ಯವನ್ನು ದಾರದಲ್ಲಿ ಕಟ್ಟಿ, ತಳ ತಾಕದಂತೆ ಮುಳುಗಿಸಿ. 3.75 ಗ್ರಾಂ ನಾಣ್ಯಕ್ಕೆ ತಕ್ಕಡಿಯಲ್ಲಿ 0.36 ಗ್ರಾಂ ಆಸುಪಾಸು ಬಂದರೆ ಒಳ್ಳೆಯ ಬೆಳ್ಳಿ, 0.41 ದಾಟಿದರೆ ತಾಮ್ರದ ತಿರುಳಿನ ಅನುಮಾನ. ಗಾಳಿಗುಳ್ಳೆ ಅಂಟಿದರೂ ಅಂಕಿ ಏರುತ್ತದೆ, ಹಾಗಾಗಿ ಐದಾರು ಸಲ ಮಾಡಿ ಸರಾಸರಿ ತೆಗೆಯಿರಿ. ಬೆಳ್ಳಿಯಲ್ಲೇ ಮಾಡಿದ ಹೊಸ ನಕಲಿ ಈ ಪರೀಕ್ಷೆಯಲ್ಲಿ ಪಾಸಾಗಿಬಿಡುತ್ತದೆ; ಅದಕ್ಕೇ ಮೊದಲು ಚಿತ್ರ ನೋಡಿ ಅಂದದ್ದು.

ತಲೆಯ ಮೇಲೆ ಉಳಿಯ ಗೀರಿದ್ದರೆ ಬೇಸರ ಬೇಡ. ಭಾರತದಲ್ಲಿ ಸಿಕ್ಕ ರೋಮನ್ ನಾಣ್ಯಗಳಲ್ಲಿ ಇದು ಸಾಮಾನ್ಯ. ಗೀರಿನ ಒಳಗೂ ಮೈಯಷ್ಟೇ ಕಪ್ಪಿದ್ದರೆ ಅದು ಹಳೆಯದು. ಅಗಸ್ಟಸ್ ಮತ್ತು ಅವನ ನಂತರದ ಚಕ್ರವರ್ತಿ ಟೈಬೀರಿಯಸರ ದಿನಾರಿಯಸ್‌ಗಳು 1891ರಲ್ಲಿ ನಮ್ಮ ಯಶವಂತಪುರದಲ್ಲೇ ದೊರೆತಿವೆ.

ಹುಣಸೆಹಣ್ಣು, ಟೂತ್‌ಪೇಸ್ಟ್ ಹಾಕಿ ಖಂಡಿತ ಉಜ್ಜಬೇಡಿ. ಆ ಕಪ್ಪು ಹೋದರೆ ಗುರುತಿನ ಆಧಾರವೂ ಹೋಗುತ್ತದೆ. ನೆಲ ಅಗೆಯುವಾಗ ಸಿಕ್ಕಿದ್ದಾದರೆ, ನಿಧಿ ಕಾಯ್ದೆಯಂತೆ ಜಿಲ್ಲಾಧಿಕಾರಿಗೆ ಲಿಖಿತವಾಗಿ ತಿಳಿಸಿ, ಸಿಕ್ಕ ಜಾಗವನ್ನೂ ಬರೆಯಿರಿ.