ಅಕ್ಷರದ ಆಟಿಕೆ: ಭೋಸರಿಯಲ್ಲಿ ಮಾಡಿಸಬೇಕೋ, ಚೀನಾದಲ್ಲೋ?

ಪುಣೆಯ ಕನ್ನಡ ಮಕ್ಕಳಿಗಾಗಿ ಜೋಡಿಸಿ ಆಡುವ ಪ್ಲಾಸ್ಟಿಕ್ ಅಕ್ಷರಗಳನ್ನು ರೂಪಿಸಿದ್ದೀರಿ, ಮೊದಲಿಗೆ ಎರಡು ಸಾವಿರ ಪೆಟ್ಟಿಗೆ ಬೇಕು, ಚೀನಾದ ದರ ಪುಣೆ ಪಕ್ಕದ ಕೈಗಾರಿಕಾ ಪ್ರದೇಶ ಭೋಸರಿಯ ದರದ ಅರ್ಧದಷ್ಟಿದೆ, ಯಾರಿಗೆ ಕೊಡಲಿ ಎಂದು ಕೇಳಿದ್ದೀರಿ. ಭೋಸರಿಗೇ ಕೊಡಿ. ಹದಿನಾಲ್ಕು ವರ್ಷಗಳಿಂದ ಇಲ್ಲಿ ಅಡುಗೆಮನೆಯ ಪ್ಲಾಸ್ಟಿಕ್ ಸಾಮಾನು ಮಾಡಿಸುತ್ತಿದ್ದೇನೆ. ಎರಡೂ ದಾರಿಗಳಲ್ಲಿ ನಡೆದಿದ್ದೇನೆ.

ಮೊದಲು ಆ ಅರ್ಧ ದರದ ವಿಷಯ. ಆಟಿಕೆಗಳ ಆಮದು ಸುಂಕ 2020ರಲ್ಲಿ ಶೇ 20ರಿಂದ 60ಕ್ಕೆ, 2023ರಲ್ಲಿ ಶೇ 70ಕ್ಕೆ ಏರಿತು. ಅದರ ಮೇಲೆ ಹಡಗಿನ ಬಾಡಿಗೆ, ಮುಂಬೈ ಬಳಿಯ ನ್ಹಾವಾ ಶೇವಾ ಬಂದರಿನಲ್ಲಿ ಸರಕು ಬಿಡಿಸುವ ಏಜೆಂಟರ ಖರ್ಚು, ಅಲ್ಲಿಂದ ಪುಣೆಗೆ ಲಾರಿ. ಎಲ್ಲವನ್ನೂ ಕೂಡಿಸಿದರೆ ನಿಮ್ಮ ಉಳಿತಾಯ ಕರಗುತ್ತದೆ. ಅದಕ್ಕಿಂತ ದೊಡ್ಡ ತಡೆ ಭಾರತೀಯ ಮಾನಕ ಬ್ಯೂರೋದ (ಬಿಐಎಸ್) ಪರವಾನಗಿ. 14 ವರ್ಷದೊಳಗಿನ ಮಕ್ಕಳು ಆಡುವ ವಸ್ತುವಿಗೆ 2021ರ ಜನವರಿ 1ರಿಂದ ಐಎಸ್‌ಐ ಗುರುತು ಕಡ್ಡಾಯ. ಪರವಾನಗಿ ಸಿಗುವುದು ತಯಾರಿಸುವ ಕಾರ್ಖಾನೆಗೆ. ವಿದೇಶದ ಕಾರ್ಖಾನೆಗೂ ಇದರಿಂದ ವಿನಾಯಿತಿ ಇಲ್ಲ. ಎರಡು ಸಾವಿರ ಪೆಟ್ಟಿಗೆಗಾಗಿ ಅಲ್ಲಿನವರು ಅಷ್ಟು ಓಡಾಡುವುದಿಲ್ಲ. ಪರವಾನಗಿ ಇದೆಯೇ ಎಂದು ಭೋಸರಿಯವರನ್ನೂ ಕೇಳಲೇಬೇಕು. ಬಕೆಟ್, ಡಬ್ಬಿ ಮಾಡುವ ಎಷ್ಟೋ ಘಟಕಗಳಿಗೆ ಆಟಿಕೆಯ ಪರವಾನಗಿ ಇಲ್ಲ. ಇರುವವರನ್ನೇ ಹುಡುಕಿ, ಪ್ರತಿಯನ್ನು ಕಣ್ಣಾರೆ ನೋಡಿ.

ಸುಂಕವೇ ಇಲ್ಲದಿದ್ದರೂ ನಾನು ಇದನ್ನೇ ಹೇಳುತ್ತಿದ್ದೆ. 2016ರಲ್ಲಿ ಮೂರು ಸಾವಿರ ಚಕ್ಕುಲಿ ಒರಳುಗಳನ್ನು ಹೊರದೇಶದಿಂದ ತರಿಸಿದೆ. ಬಂದ ಮಾದರಿ ಚೆನ್ನಾಗಿತ್ತು. ಮುಂಗಡ ಶೇ 30, ಸರಕು ಹಡಗೇರುವ ಮೊದಲು ಉಳಿದ 70 ಕೊಟ್ಟೆ. ಪುಣೆಯಲ್ಲಿ ಪೆಟ್ಟಿಗೆ ಬಿಚ್ಚಿದರೆ ಮುಚ್ಚಳದ ಸುರುಳಿ ಎರಡು ಸಲ ತಿರುಗಿಸುವಷ್ಟರಲ್ಲಿ ಸೀಳುತ್ತಿತ್ತು. ಪುಡಿಮಾಡಿದ ಹಳೆಯ ಪ್ಲಾಸ್ಟಿಕ್ಕನ್ನು ಹೊಸ ದಾಣಾಕ್ಕೆ (ಪ್ಲಾಸ್ಟಿಕ್ ಕಾಳಿಗೆ) ಬೆರೆಸಿದ್ದರು. ದೀಪಾವಳಿಗೆ ಹದಿನೈದು ದಿನವಿತ್ತು. ಆ ಒರಳುಗಳನ್ನು ಮಾರಲು ಮನಸ್ಸು ಬರಲಿಲ್ಲ. ಎಲ್ಲವನ್ನೂ ಗುಜರಿಗೆ ಹಾಕಿದೆ.

ಭೋಸರಿಯವರು ಹೇಳಿದ ದಿನಕ್ಕೆ ಕೊಡುತ್ತಾರೆಂದು ನಂಬಬೇಡಿ. ಆರು ವಾರದಲ್ಲಿ ಕೊಡುತ್ತೇವೆಂದ ಡೈ, ಅಂದರೆ ಉಕ್ಕಿನ ಅಚ್ಚು, ನನಗೆ ಮೂರು ತಿಂಗಳಿಗೆ ಸಿಕ್ಕಿದೆ. ಗುರುವಾರ ಅಲ್ಲಿನ ಎಂಐಡಿಸಿಗೆ (ಸರ್ಕಾರಿ ಕೈಗಾರಿಕಾ ವಸಾಹತಿಗೆ) ವಾರದ ರಜೆ, ಅದನ್ನೂ ಲೆಕ್ಕದಲ್ಲಿಡಿ. ಆದರೆ ಮೊದಲ ತುಂಡು ಯಂತ್ರದಿಂದ ಬಿದ್ದಾಗ ನೀವು ಪಕ್ಕದಲ್ಲೇ ನಿಂತಿರಬಹುದು. ನಿಮ್ಮ ಕೆಲಸಕ್ಕೆ ಇದು ಎಲ್ಲಕ್ಕಿಂತ ಮುಖ್ಯ. ಡೈಯಲ್ಲಿ ಅಕ್ಷರವನ್ನು ಕನ್ನಡಿಯ ಬಿಂಬದಂತೆ ತಿರುವಿ ಕೆತ್ತಬೇಕು. ಕೆತ್ತುವವರಿಗೆ ಕನ್ನಡ ಬರುವುದಿಲ್ಲ. 'ಪ'ದ ಹೊಟ್ಟೆ ಸೀಳಿದರೆ 'ಷ' ಆಗುತ್ತದೆಂದು, 'ಮ' ಮತ್ತು 'ಯ' ಬೇರೆಯೆಂದು ಅವರಿಗೆ ಯಾರು ಹೇಳಬೇಕು? ಪ್ರತಿ ಅಕ್ಷರದ ದೊಡ್ಡ ಮುದ್ರಿತ ಪ್ರತಿಯನ್ನು ಹಿಡಿದು ಹೋಗಿ. ಉಕ್ಕನ್ನು ಇನ್ನಷ್ಟು ಕೊರೆಯುವುದು ಸುಲಭ, ಕೊರೆದದ್ದನ್ನು ತುಂಬಲು ವೆಲ್ಡಿಂಗ್ ಬೇಕು. ಆದ್ದರಿಂದ ಗೆರೆಗಳನ್ನು ಮೊದಲು ತೆಳ್ಳಗೆ ಇಡಿಸಿ, ಮಾದರಿ ನೋಡಿ ದಪ್ಪ ಮಾಡಿಸಿ.

ಒತ್ತಕ್ಷರಗಳ ಬಗ್ಗೆ ನನಗೆ ನಿಜವಾದ ಆತಂಕವಿದೆ. ಮೂರು ವರ್ಷದೊಳಗಿನ ಮಕ್ಕಳ ಆಟಿಕೆಯ ಬಿಡಿಭಾಗ ಸುಮಾರು 32 ಮಿಲಿಮೀಟರ್ ಅಗಲದ ಪರೀಕ್ಷಾ ಕೊಳವೆಯೊಳಗೆ ಪೂರ್ತಿ ಇಳಿದುಬಿಟ್ಟರೆ ಅದು ಅನುತ್ತೀರ್ಣ, ಏಕೆಂದರೆ ಮಗುವಿನ ಗಂಟಲಿಗೆ ಸಿಕ್ಕಿಕೊಳ್ಳಬಹುದು. ನಿಮ್ಮ 'ಯ' ಒತ್ತು, 'ರ' ಒತ್ತು ಖಂಡಿತ ಇಳಿಯುತ್ತವೆ. ಒತ್ತನ್ನು ಅಗಲವಾದ ಬಿಲ್ಲೆಯ ಮೇಲೆ ಉಬ್ಬಿಸಿ, ಇಲ್ಲವೇ ಆಟಿಕೆಯನ್ನು ನಿಜಕ್ಕೂ ದೊಡ್ಡ ಮಕ್ಕಳಿಗಾಗಿಯೇ ರೂಪಿಸಿ. ಡೈಗೆ ಮುಂಗಡ ಕೊಡುವ ಮೊದಲೇ ಇದನ್ನು ತೀರ್ಮಾನಿಸಿ.

ಡೈ ನಿಮ್ಮ ಸ್ವತ್ತು, ಕೇಳಿದ ದಿನ ಕೊಡಬೇಕು ಎಂದು ಬರೆಸಿ ಸಹಿ ಮಾಡಿಸಿಕೊಳ್ಳಿ. ಮೊದಲ ತುಂಡು ಬೀಳುವ ದಿನ ಜೊತೆಗೆ ಕನ್ನಡ ಬಲ್ಲವರೊಬ್ಬರು ಬೇಕಿದ್ದರೆ ಹೇಳಿ, ಗುರುವಾರ ಬಿಟ್ಟು ಯಾವತ್ತಾದರೂ ನಾನು ಬರುತ್ತೇನೆ.