ರಕ್ತದ ಕಾರ್ಟಿಸಾಲ್ ನೋಡಿ ಮನುಷ್ಯ ಅಥವಾ ಪ್ರಾಣಿ ಎಷ್ಟು ಒತ್ತಡದಲ್ಲಿದೆ ಎಂದು ಹೇಳಬಹುದೇ?

ಒಂದೇ ಒಂದು ರಕ್ತಪರೀಕ್ಷೆಯಿಂದ ಹೇಳಲಾಗದು. ಒತ್ತಡ ಬಂದಾಗ ದೇಹದಲ್ಲಿ ಹೆಚ್ಚುವ ಕಾರ್ಟಿಸಾಲ್, ಗಡಿಯಾರ ನೋಡಿಕೊಂಡೂ ಏರಿಳಿಯುವ ಹಾರ್ಮೋನು. ಮನುಷ್ಯರಲ್ಲಿ ಬೆಳಿಗ್ಗೆ 8ರ ಸುಮಾರಿಗೆ ಡೆಸಿಲೀಟರಿಗೆ ಸುಮಾರು 5ರಿಂದ 25 ಮೈಕ್ರೋಗ್ರಾಂ ಇರುತ್ತದೆ (ಪ್ರಯೋಗಾಲಯದಿಂದ ಪ್ರಯೋಗಾಲಯಕ್ಕೆ ಈ ಮಿತಿ ತುಸು ಬೇರೆ); ನಡುರಾತ್ರಿಯ ಹೊತ್ತಿಗೆ ತೀರಾ ಕೆಳಗಿಳಿಯುತ್ತದೆ. ಹಾಗಾಗಿ ರಕ್ತ ತೆಗೆದ ಸಮಯ ಬರೆಯದ ವರದಿಯಿಂದ ಹೆಚ್ಚೇನೂ ತಿಳಿಯುವುದಿಲ್ಲ. ವೈದ್ಯರು ಈ ಪರೀಕ್ಷೆ ಬರೆದುಕೊಡುವುದು ಸಾಮಾನ್ಯವಾಗಿ ಆಫೀಸಿನ ಒತ್ತಡ ಅಳೆಯಲಿಕ್ಕಲ್ಲ, ಕಾರ್ಟಿಸಾಲ್ ಅತಿಯಾಗುವ ಕುಶಿಂಗ್ ಅಥವಾ ತೀರಾ ಕಡಿಮೆಯಾಗುವ ಅಡಿಸನ್ ಕಾಯಿಲೆಯ ಅನುಮಾನ ಬಂದಾಗ.

ಪ್ರಾಣಿಗಳ ವಿಷಯ ಇನ್ನೂ ಸ್ವಾರಸ್ಯದ್ದು. ಇಲಿ ಮತ್ತು ಹಕ್ಕಿಗಳಲ್ಲಿ ಒತ್ತಡದ ಮುಖ್ಯ ಹಾರ್ಮೋನು ಕಾರ್ಟಿಸಾಲ್ ಅಲ್ಲ, ಕಾರ್ಟಿಕೋಸ್ಟೆರೋನ್. ಇಲಿ ನಿಶಾಚರಿಯಾದ್ದರಿಂದ ಅದರ ಮಟ್ಟ ಏರುವುದು ಸಂಜೆಗೆ. ದೊಡ್ಡ ತೊಡಕೆಂದರೆ, ಹಿಡಿದು ಸೂಜಿ ಚುಚ್ಚುವುದೇ ಪ್ರಾಣಿಗೆ ಒತ್ತಡ! ಹಿಡಿದ ಮೂರು ನಿಮಿಷದೊಳಗೆ ರಕ್ತ ತೆಗೆದರೆ ಮಾತ್ರ ಅದರ ಸಹಜ ಮಟ್ಟ ಸಿಗುತ್ತದೆ ಎಂಬುದು ಕ್ಷೇತ್ರ ಸಂಶೋಧಕರ ಲೆಕ್ಕ. ಕಾಡಾನೆಯ ಬಳಿ ಹಾಗೆ ಮಾಡಲು ಯಾರಿಗೆ ಧೈರ್ಯ?

ಅದಕ್ಕೇ ಲದ್ದಿ. ಹಾರ್ಮೋನಿನ ಅವಶೇಷಗಳು ಅದರಲ್ಲಿ ಹೊರಬರುತ್ತವೆ, ಹಿಂದಿನ ಒಂದೆರಡು ದಿನಗಳ ಸರಾಸರಿಯನ್ನು ತಿಳಿಸುತ್ತವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ಕಾಡಾನೆಗಳ ಲದ್ದಿಯನ್ನು ಹೀಗೆ ಪರೀಕ್ಷಿಸಿದಾಗ, ಮೇವು ಕಡಿಮೆಯಾಗುವ ಒಣ ಋತುವಿನಲ್ಲಿ, ಅದರಲ್ಲೂ ಬಡಕಲಾದ ಆನೆಗಳಲ್ಲಿ, ಒತ್ತಡದ ಹಾರ್ಮೋನಿನ ಅಂಶ ಹೆಚ್ಚು ಕಂಡುಬಂತು.