ಚಾವಿ ಕೊಟ್ಟ ಕೈ ಕಾಣಲಿಲ್ಲ

ಗೆಳೆಯರೇ,

ಗದಗಿನ ಸಾಕ್ಷ್ಯಚಿತ್ರ ನಿರ್ದೇಶಕ-ಛಾಯಾಗ್ರಾಹಕರೊಬ್ಬರ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ವ್ಯಕ್ತಿಯ ಆಯ್ಕೆ ಚೆನ್ನಾಗಿದೆ, ಭಾಷೆಯೂ ಶುದ್ಧವಾಗಿದೆ. ಆದರೆ ಎರಡನೇ ಪುಟಕ್ಕೆ ಬರುವಾಗ ನನಗೆ ನಿಜಕ್ಕೂ ಸಿಟ್ಟು ಬಂತು.

ಬೆಟಗೇರಿಯ ನೇಕಾರರ ಮನೆಗೆ ಅವರು ಚಾವಿ ಕೊಟ್ಟು ಓಡಿಸುವ ಬೊಲೆಕ್ಸ್ ಫಿಲ್ಮ್ ಕ್ಯಾಮೆರಾ ಹಿಡಿದು ಹೋದರು ಎಂದು ನೀವೇ ಬರೆದಿದ್ದೀರಿ. ಮುಂದಿನ ಸಾಲು: ‘ಗಂಟೆಗಟ್ಟಲೆ ನಿಲ್ಲಿಸದೆ ಚಿತ್ರೀಕರಿಸಿದರು.’ ಹೇಗೆ ಸಾಧ್ಯ? ಸೆಕೆಂಡಿಗೆ 24 ಫ್ರೇಮ್ ಲೆಕ್ಕದಲ್ಲಿ ಆ 16 ಎಂ.ಎಂ. ಕ್ಯಾಮೆರಾ ಪೂರ್ತಿ ಚಾವಿ ಕೊಟ್ಟರೂ ಅರ್ಧ ನಿಮಿಷ ಓಡುವುದಿಲ್ಲ. ಅದೇ ಲೆಕ್ಕದಲ್ಲಿ 100 ಅಡಿಯ ರೀಲು ಮೂರು ನಿಮಿಷಕ್ಕೂ ಸಾಲದು. ಗಂಟೆಗಟ್ಟಲೆ ಅವರು ಕಾದಿರಬೇಕು. ಲಾಳಿ ಹೇಗೆ ಹಾಯುತ್ತದೆ, ಎಳೆ ಕಡಿದಾಗ ನೇಕಾರ ಹೇಗೆ ಬಗ್ಗಿ ಗಂಟು ಹಾಕುತ್ತಾನೆ, ಎಲ್ಲ ನೋಡಿಟ್ಟುಕೊಂಡು ಆಮೇಲೆ ಗುಂಡಿ ಒತ್ತಿರಬೇಕು. ಅವರ ಕಸುಬು ಇರೋದೇ ಅಲ್ಲಿ. ಅದನ್ನೇ ಬಿಟ್ಟಿದ್ದೀರಿ.

ಅದರ ಕೆಳಗೇ, ‘ಲಾಳಿಯ ಸದ್ದನ್ನೂ ಕ್ಯಾಮೆರಾ ಸೆರೆಹಿಡಿಯಿತು.’ ಆ ಕ್ಯಾಮೆರಾಕ್ಕೆ ಸದ್ದು ಹಿಡಿಯಲು ಬರುವುದಿಲ್ಲ. ಓಡುವಾಗ ಅದೇ ಗರಗರ ಅನ್ನುತ್ತದೆ. ಮಗ್ಗದ ಸದ್ದನ್ನು ಬೇರೆ ಟೇಪಿಗೆ ಹಿಡಿದು ಎಡಿಟಿಂಗ್‌ನಲ್ಲಿ ಕೂಡಿಸಬೇಕು. ಹಿಡಿದವರು ಯಾರು? ಕೇಳಿದಿರಾ?

ಇನ್ನು, ಅವರನ್ನು ‘ಬೆಳಕಿನ ಮಾಂತ್ರಿಕ’ ಎಂದಿದ್ದೀರಿ. ಮೈಸೂರಿನ ಛಾಯಾಗ್ರಾಹಕ ವಿ.ಕೆ. ಮೂರ್ತಿ 1959ರ ಹಿಂದಿ ಸಿನಿಮಾ ‘ಕಾಗಜ್ ಕೆ ಫೂಲ್’ಗಾಗಿ ಹೊರಗಿನ ಬಿಸಿಲನ್ನು ಕನ್ನಡಿ ಹಿಡಿದು ಸ್ಟುಡಿಯೋ ಒಳಗೆ ತಿರುಗಿಸಿದರು. ಕನ್ನಡಿ ಅಂದ ಕೂಡಲೇ ಕೆಲಸ ಕಣ್ಣಿಗೆ ಕಟ್ಟುತ್ತದೆ, ಅಲ್ವಾ? ನಿಮ್ಮವರು ನೇಕಾರರ ಆ ಕತ್ತಲೆ ಮಗ್ಗದ ಕೋಣೆಗೆ ಬೆಳಕು ಎಲ್ಲಿಂದ ತಂದರು? ಬಾಗಿಲಿಂದಲೋ, ಬೆಳಕಿಂಡಿಯಿಂದಲೋ? ಕುಣಿ ಮಗ್ಗದಲ್ಲಿ ನೇಕಾರ ಕಾಲು ಇಳಿಬಿಟ್ಟು ನೆಲಮಟ್ಟದಲ್ಲಿ ಕೂತಿರುತ್ತಾನೆ. ಬಗ್ಗಿದ ಮುಖ ಸಿಗಬೇಕಾದರೆ ಕ್ಯಾಮೆರಾವೂ ನೆಲಕ್ಕೆ ಇಳಿಯಬೇಕು. ಇಳಿಸಿದರಾ?

ನಾನು ಹುಬ್ಬಳ್ಳಿಯಲ್ಲಿ ಪತ್ರಿಕೆ ಕೆಲಸ ಕಲಿಯುವಾಗ ಯಾರ ವ್ಯಕ್ತಿಚಿತ್ರ ಬಂದರೂ ನಮ್ಮ ಹಿರಿಯರು ಕೇಳುತ್ತಿದ್ದದ್ದು ಇಷ್ಟೇ: ‘ತಮ್ಮಾ, ಅಂವಾ ಕೈಲೆ ಏನ್ ಮಾಡ್ತಾನ?’ ಹಾವೇರಿ ದನದ ಸಂತೆಗೆ ಕಳಿಸಿದಾಗಲೂ, ದಲಾಲರು ವಲ್ಲಿ ಬಟ್ಟೆಯ ಕೆಳಗೆ ಬೆರಳು ಹಿಡಿದು ವ್ಯಾಪಾರ ಕುದುರಿಸುವುದನ್ನು ನೋಡಿಕೊಂಡು ಬಾ ಅಂದಿದ್ದರು. ಬೆರಳು ಕಾಣುವುದಿಲ್ಲ. ಮೊಣಕೈ, ಮುಖ ನೋಡಿಯೇ ದರ ಏರಿತೋ ಇಳಿಯಿತೋ ತಿಳಿಯಬೇಕು. ಸಂಜೆವರೆಗೆ ನಿಂತು ನೋಡಿದೆ. ಇವತ್ತಿಗೂ ಯಾರ ಬಗ್ಗೆ ಓದಿದರೂ ನಾನು ಮೊದಲು ಕೈ ಹುಡುಕುತ್ತೇನೆ.

ಮತ್ತೊಮ್ಮೆ ಅವರ ಮನೆಗೆ ಹೋಗಿ. ಆ ಕ್ಯಾಮೆರಾ ಇನ್ನೂ ಇದ್ದರೆ ನಿಮ್ಮೆದುರೇ ಚಾವಿ ಕೊಡಲು ಹೇಳಿ. ಪ್ರಶಸ್ತಿಗಳನ್ನೆಲ್ಲ ಒಂದೇ ಸಾಲಿಗೆ ಇಳಿಸಿ. ದೀಪಾವಳಿ ಸಂಚಿಕೆಯಲ್ಲಿ ಜಾಗ ಇಟ್ಟಿರುತ್ತೇನೆ. ಮಗ್ಗದ ಕೋಣೆಯ ಭಾಗವನ್ನು ಮೊದಲು ಬರೆದು ಕಳಿಸಿ.